ನಾಲ್ಕು ಪಟ್ಟಣಗಳು, ನಾಲ್ಕು ಸಂಕಟದ ಮಾತುಗಳು

ಇತ್ತೀಚಿನ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವ ಸುಯೋಗ ಒದಗಿತು. ಅದೇ ನಿಮಿತ್ತವಾಗಿ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳನ್ನೂ ಕಂಡು ಬರೋಣವೆಂದು ನಿಶ್ಚಯಿಸಿದೆನು. ಈ ನಾಲ್ಕೂ 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರ್ಪಟ್ಟು ರೂಪುಗೊಂಡ ಬಾಗಲಕೋಟೆ ಜಿಲ್ಲೆಯ ಊರುಗಳು. ಆತುರದವನು ಬೆಳಗಿನ ಬಸ್ಸು ಹಿಡಿದು ಹೊರಟರೆ ಸಂಜೆಯೊಳಗೆ ನಾಲ್ಕನ್ನೂ ಮುಟ್ಟಿ ಬರಬಹುದು. ನಾನು ಒಂಬತ್ತು ದಿನ ತೆಗೆದುಕೊಂಡೆನು. ಅದಕ್ಕೆ ಕಾರಣವೊಂದಿದೆ.

ಪತ್ರಿಕೆಗಳಲ್ಲಿ ‘ನಗರಗಳ ಬಿಕ್ಕಟ್ಟು’ ಎಂಬ ಮಾತನ್ನು ನಾವೆಲ್ಲರೂ ಮೇಲಿಂದ ಮೇಲೆ ಓದುತ್ತೇವೆ. ಹಾಗೆ ಹೇಳಿದಾಗ ಎಲ್ಲ ನಗರಗಳ ಸಂಕಟವೂ ಒಂದೇ ಎಂಬ ಭಾವನೆ ಬರುತ್ತದೆ. ವಾಸ್ತವ ಹಾಗಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಅಲ್ಲಿಯ ಜನರ ಬಾಯಲ್ಲಿದ್ದ ಒಂದೇ ಮಾತು ‘ಟ್ಯಾಂಕರ್’. ಸರಕಾರವು ಕೈಗೊಂಡ ಮೊದಲ ಕ್ರಮಗಳಲ್ಲಿ ಟ್ಯಾಂಕರಿನ ದರ ನಿಗದಿಯೂ ಒಂದಾಗಿತ್ತು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರವು 2018ರಲ್ಲಿ, ಮನೆಗಳ ನಲ್ಲಿಯನ್ನು ನಿಲ್ಲಿಸಬೇಕಾಗಿ ಬರುವ ದಿನಕ್ಕೆ ‘ಶೂನ್ಯ ದಿನ’ ಎಂದು ಹೆಸರಿಟ್ಟು, ಒಬ್ಬರಿಗೆ ದಿನಕ್ಕೆ 50 ಲೀಟರೆಂದು ಮಿತಿ ಹಾಕಿತು. ಜನರು ನೀರಿನ ಬಳಕೆಯನ್ನು ತಗ್ಗಿಸಿದರು, ಮಳೆಯೂ ಬಂದಿತು, ಆ ದಿನ ಬರಲಿಲ್ಲ. ಆದರೆ ಹತ್ತಾರು ಮನೆಗಳಿಗೆ ಒಂದೇ ನಲ್ಲಿಯಿದ್ದ ಅಲ್ಲಿಯ ಗುಡಿಸಲು ಕೇರಿಗಳವರಿಗೆ ಮನೆಯೊಳಗೆ ನೀರಿಲ್ಲದ ದಿನ ಹೊಸದಾಗಿರಲಿಲ್ಲ. ಊರು ತನ್ನ ಸಂಕಟಕ್ಕೆ ಯಾವ ಹೆಸರನ್ನಿಡುವುದೋ ಆ ಹೆಸರಿಗೆ ತಕ್ಕ ಪರಿಹಾರವೇ ಅದಕ್ಕೆ ದೊರೆಯುತ್ತದೆ. ಹೆಸರಿನೊಳಗೆ ಬಾರದವನು ಪರಿಹಾರದೊಳಗೂ ಬರುವುದಿಲ್ಲ.

ಬಾಲ್ಯದಲ್ಲಿ ನಾನು ಮಲಪ್ರಭೆಯ ದಂಡೆಯ ಶಿವಯೋಗಮಂದಿರದಲ್ಲಿ ವಟುವಾಗಿದ್ದು ಅಕ್ಷರ ಕಲಿತವನು. ವ್ಯಾಕರಣ ಹೇಳಿಕೊಡುತ್ತಿದ್ದ ಗುರುಗಳು ಯಾವ ವಾಕ್ಯವನ್ನು ಕೊಟ್ಟರೂ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಕರ್ತೃ ಎಲ್ಲಿದ್ದಾನೆ?” ಮಾಡಿದವನು ಯಾರೆಂದು ತಿಳಿಯದೆ ವಾಕ್ಯದ ಅರ್ಥ ತಿಳಿಯಿತೆನ್ನಬಾರದು ಎಂಬುದು ಅವರ ಪಾಠ. ಆ ಪಾಠವನ್ನು ಕೈಯಲ್ಲಿ ಹಿಡಿದು, ಪ್ರತಿ ಊರಿನಲ್ಲಿಯೂ ಹಿರಿಯರನ್ನು, ತಾಯಂದಿರನ್ನು, ಅಂಗಡಿಕಾರರನ್ನು “ನಿಮ್ಮ ಊರಿನ ಸಂಕಟ ಯಾವುದು?” ಎಂದು ಕೇಳುವುದು, ಅವರ ಬಾಯಿಂದ ಬರುವ ಮೊದಲ ಮಾತನ್ನು ಬರೆದುಕೊಳ್ಳುವುದು, ಇದಿಷ್ಟೇ ನನ್ನ ಪ್ರವಾಸದ ಉದ್ದೇಶವಾಗಿತ್ತು. ಈ ವಿಷಯದಲ್ಲಿ ನನ್ನದೇ ಒಂದು ಹಳೆಯ ಬಾಕಿಯೂ ಇತ್ತು. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಬಾಗಲಕೋಟೆ

ಬಾಗಲಕೋಟೆಯಲ್ಲಿ ನಾನು ಇಳಿದುಕೊಂಡುದು ಹಳೆಯ ಊರಿನಲ್ಲಿ ಇನ್ನೂ ಉಳಿದಿರುವ ನನ್ನ ದೊಡ್ಡಕ್ಕನ ಮನೆಯಲ್ಲಿ. ಪ್ರಶ್ನೆಯನ್ನು ಮೊದಲು ಅಕ್ಕನಿಗೇ ಕೇಳಿದೆನು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಮುಳುಗಡಿ ಬಿಟ್ಟು ಮತ್ತೇನೈತಿ ತಮ್ಮಾ? ನಮ್ಮ ಮನಿ ಎಷ್ಟು ಮೀಟರಿಗೆ ಬರತೈತಿ ಅಂತ ಮಾತ್ರ ಕೇಳಬ್ಯಾಡ, ಹೇಳಿ ಹೇಳಿ ಸಾಕಾಗೈತಿ” ಎಂದಳು.

ಈ ಊರಿನವರಿಗೆ ಮೀಟರಿನ ಲೆಕ್ಕ ತಾಯಿಹಾಲಿನೊಂದಿಗೆ ಬಂದಿದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡವಾಗಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ದಂಡೆಯ ಮೇಲಿದ್ದ ಬಾಗಲಕೋಟೆಯ ಓಣಿಗಳನ್ನು ಮುಟ್ಟಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀರಿನ ಮಟ್ಟವನ್ನು 519.60 ಮೀಟರಿಗೆ ಮಿತಿಗೊಳಿಸಿತು. 2010ರ ಡಿಸೆಂಬರಿನಲ್ಲಿ ಕೃಷ್ಣಾ ಎರಡನೆಯ ನ್ಯಾಯಮಂಡಳಿಯು ಅದನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಈ ಮೂರನೆಯ ಹಂತದ ಭೂಸ್ವಾಧೀನಕ್ಕೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿಗಳೆಂದು ನಿರ್ಧರಿಸಿತು. ಒಂದು ಊರಿನ ಮೂರು ತಲೆಮಾರು ಈ ಅಂಕೆಗಳ ನಡುವೆ ಹುಟ್ಟಿ, ಮದುವೆಯಾಗಿ, ಮುದಿಯಾಗಿದೆ. ಹೆಣ್ಣು ನೋಡಲು ಬಂದವರು “ನಿಮ್ಮ ಮನಿ ಮುಳುಗಡಿಯೊಳಗ ಬಂದೈತೇನ್ರಿ?” ಎಂದು ಕೇಳುವುದು ಇಲ್ಲಿ ಅಸಭ್ಯವಲ್ಲ, ವ್ಯವಹಾರ.

ಹಳೆಯ ಊರನ್ನು ಬಿಟ್ಟವರಿಗಾಗಿ ಎತ್ತರದ ನೆಲದಲ್ಲಿ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರೂ ಪಾಲುಗೊಂಡಿದ್ದರು. ಅಗಲವಾದ ರಸ್ತೆಗಳು, ಗಿಡಮರಗಳು, ಕಚೇರಿಗಳು ಎಲ್ಲವೂ ಅಲ್ಲಿವೆ. ಎರಡರ ನಡುವೆ, 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ವಿದ್ಯಾಲಯಗಳಿಂದ ತುಂಬಿದ ವಿದ್ಯಾಗಿರಿ. ಹೀಗೆ ಒಂದು ಊರು ಮೂರಾಗಿದೆ. ಹಳೆಯ ಊರಿನಲ್ಲಿ ವಿಳಾಸವೆಂದರೆ ಕಿಲ್ಲಾ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳು. ನವನಗರದಲ್ಲಿ ಸೆಕ್ಟರಿನ ಸಂಖ್ಯೆ. ಹೋಳಿಹುಣ್ಣಿಮೆ ಬಂದಾಗ ಮಾತ್ರ ಸೆಕ್ಟರಿನವರೆಲ್ಲ ಹಲಗೆಯ ಸದ್ದಿಗೆ ಕಿವಿಗೊಟ್ಟು ಹಳೆಯ ಪೇಟೆಗೆ ಇಳಿದು ಬರುತ್ತಾರೆ. ಬಣ್ಣದ ಬಂಡಿಗಳು ಹೊರಡುವುದು ಇಂದಿಗೂ ಆ ಓಣಿಗಳಿಂದಲೇ.

ಅಂಕೆಯ ಮಾತಿಗೆ ಒಂದು ಬಲವಿದೆ. ಅಕ್ಷರ ಬಾರದವನೂ ಕಚೇರಿಯ ಮೇಜಿನ ಮುಂದೆ ನಿಂತು “ನನ್ನ ಮನಿ ಇಂತಿಷ್ಟು ಮೀಟರಿನೊಳಗೈತಿ” ಎಂದು ಹಕ್ಕಿನಿಂದ ಹೇಳಬಲ್ಲನು. ಬೇರೆ ಎಷ್ಟೋ ಊರುಗಳ ಬಡವರಿಗೆ ಇಂಥ ಊರುಗೋಲು ಇಲ್ಲ. ಆದರೆ ‘ಮುಳುಗಡೆ’ ಎಂಬ ಮಾತನ್ನು ಬಿಡಿಸಿ ನೋಡಿದರೆ ಅದರಲ್ಲಿ ಕರ್ತೃ ಇಲ್ಲ. ಊರು ತಾನೇ ಮುಳುಗಿತೆಂಬಂತೆ ಅದು ಹೇಳುತ್ತದೆ. ಮುಳುಗಿಸಿದವರು ಯಾರು, ಯಾರ ಹೊಲಕ್ಕೆ ನೀರು ಹರಿಯಲೆಂದು ಮುಳುಗಿಸಿದರು ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ನನ್ನ ಬಾಕಿಯ ಮಾತು. ನೀರು ಪೇಟೆಯ ಅಂಚಿಗೆ ಬರುತ್ತಿದ್ದ ವರ್ಷಗಳಲ್ಲಿ, ಸುಮಾರು ಕಾಲು ಶತಮಾನದ ಹಿಂದೆ, ಹಳೆಯ ಊರಿನ ಒಂದು ಸಭೆಯಲ್ಲಿ ನನಗೆ ಎರಡು ಮಾತು ಹೇಳಲು ಅವಕಾಶ ದೊರೆತಿತ್ತು. ಜನರು ತಳಮಳಗೊಂಡಿದ್ದರು. ಅವರಿಗೆ ಧೈರ್ಯ ತುಂಬಬೇಕೆಂಬ ಸದುದ್ದೇಶದಿಂದ, “ನಾಡಿನ ಬರಡು ಹೊಲಗಳಿಗೆ ನೀರು ಸಿಗಲೆಂದು ನೀವು ಮನೆ ಮಠ ಬಿಟ್ಟುಕೊಡುತ್ತಿದ್ದೀರಿ. ಇದಕ್ಕಿಂತ ದೊಡ್ಡ ತ್ಯಾಗವಿಲ್ಲ” ಎಂದು ನಾನು ಹೇಳಿದೆನು. ಜನ ಚಪ್ಪಾಳೆ ತಟ್ಟಿದರು. ಮಾತು ಚೆನ್ನಾಗಿ ಬಂದಿತೆಂದು ನಾನೂ ಸಂತೋಷಪಟ್ಟೆನು.

ಈ ಸಲ ನವನಗರದ ಮಾರುಕಟ್ಟೆಯ ಬದಿಯಲ್ಲಿ ಹೂವು ಮಾರುತ್ತಿದ್ದ ವಯಸ್ಸಾದ ತಾಯಿಯೊಬ್ಬರು ನನ್ನ ಗುರುತು ಹಿಡಿದರು. ಹಳೆಯ ಪೇಟೆಯಲ್ಲಿ ಒಂದು ದೇವಸ್ಥಾನದ ಎದುರಿನ ಕಟ್ಟೆಯ ಮೇಲೆ ಅವರ ತಾಯಿಯೂ, ಅವರೂ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದರಂತೆ. ಕಟ್ಟೆ ಬೇರೆಯವರದು, ಬಾಡಿಗೆ ಇರಲಿಲ್ಲ, ಕಾಗದವೂ ಇರಲಿಲ್ಲ. ಮನೆಗೆ ಬದಲಾಗಿ ನಿವೇಶನ ದೊರೆಯಿತು. ಕಟ್ಟೆ ಯಾವ ವಹಿಯಲ್ಲಿಯೂ ಇರಲಿಲ್ಲವಾದುದರಿಂದ ಅದಕ್ಕೆ ಬದಲು ಯಾವುದೂ ದೊರೆಯಲಿಲ್ಲ. ದಿನವೂ ಹೂವು ಒಯ್ಯುತ್ತಿದ್ದ ಮನೆಗಳು ಸೆಕ್ಟರುಗಳಲ್ಲಿ ಚದುರಿಹೋದವು. ಇದಿಷ್ಟನ್ನು ಸಿಟ್ಟಿಲ್ಲದೆ ಹೇಳಿ ಅವರು ಕೇಳಿದರು: “ಅಜ್ಜಾರ, ಆವತ್ತು ನೀವು ಅದನ್ನ ತ್ಯಾಗ ಅಂದ್ರಿ. ತ್ಯಾಗ ಅಂದ್ರ ತಾನಾಗಿ ಕೈಯಾರ ಕೊಡೂದಲ್ಲೇನ್ರಿ? ನನ್ನ ಯಾರೂ ಕೇಳಲಿಲ್ಲ. ಕೇಳದ ಒಯ್ದದ್ದು ತ್ಯಾಗ ಹೆಂಗ ಆಗತೈತ್ರಿ?”

ನಾನು ಉತ್ತರ ಹೇಳಲಾರದೆ ನಿಂತೆನು. ವ್ಯಾಕರಣ ಓದಿದವನು ನಾನು, ಕರ್ತೃವನ್ನು ಹುಡುಕಿದವರು ಅವರು. ‘ಮುಳುಗಡೆ’ ಎಂಬ ಮಾತಿನಲ್ಲಿ ಕರ್ತೃ ಇಲ್ಲದಿದ್ದರೆ, ನನ್ನ ‘ತ್ಯಾಗ’ ಎಂಬ ಮಾತಿನಲ್ಲಿ ತಪ್ಪು ಕರ್ತೃ ಇದ್ದನು. ಕಳೆದುಕೊಂಡವರನ್ನೇ ನಾನು ಕೊಟ್ಟವರನ್ನಾಗಿ ಮಾಡಿದ್ದೆನು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮುಂದಿನ ಊರಿಗೆ ಹೊರಟೆನು.

ಬಾದಾಮಿ

ಗದಗದ ಕಡೆಗೆ ಹೋಗುವ ರೈಲಿನಲ್ಲಿ ಬಾಗಲಕೋಟೆಯಿಂದ ಬಾದಾಮಿ ಹತ್ತಿರ. ಜಾತ್ರೆಯ ದಿನಗಳಾದ್ದರಿಂದ ಬನಶಂಕರಿಯಲ್ಲಿ ನಾಟಕ ಕಂಪನಿಗಳ ಡೇರೆಗಳು, ಬಾಗಿಲು ಚೌಕಟ್ಟುಗಳ ಅಂಗಡಿಗಳು, ಎಲ್ಲೆಲ್ಲಿಯೂ ಜನ. ದರ್ಶನ ಮುಗಿಸಿ ಊರೊಳಗೆ ಬಂದು, ಅಗಸ್ತ್ಯತೀರ್ಥದ ಕಡೆಗೆ ಹೋಗುವ ಇಕ್ಕಟ್ಟಾದ ಓಣಿಯಲ್ಲಿ ಒಬ್ಬ ಹಿರಿಯರಿಗೆ ನನ್ನ ಪ್ರಶ್ನೆಯನ್ನು ಕೇಳಿದೆನು. “ನೂರು ಮೀಟರ್” ಎಂದರು ಅವರು.

ನನಗೆ ಆಶ್ಚರ್ಯವಾಯಿತು. ಇಲ್ಲಿಯೂ ಮೀಟರೇ. ಆದರೆ ಬಾಗಲಕೋಟೆಯ ಮೀಟರು ಕೆಳಗಿನಿಂದ ಮೇಲಕ್ಕೆ ಏರುವುದು, ಬಾದಾಮಿಯ ಮೀಟರು ಕಲ್ಲಿನಿಂದ ಮನೆಯ ಕಡೆಗೆ ಅಡ್ಡಲಾಗಿ ಬರುವುದು. ಪುರಾತನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಇದ್ದ ಮನೆಯ ದುರಸ್ತಿಗೂ ಒಪ್ಪಿಗೆ ಪಡೆಯಬೇಕು. ಬೇರೆ ಊರಿನಲ್ಲಿ ಸ್ಮಾರಕ ಊರ ಹೊರಗಿರುತ್ತದೆ. ಬಾದಾಮಿಯಲ್ಲಿ ಹೆಜ್ಜೆಗೊಂದು ಗುಡಿ, ಗುಡಿಗೆ ಅಂಟಿ ಮನೆ, ಮನೆಯ ಹಿತ್ತಿಲಲ್ಲಿ ಕೋಟೆಯ ಗೋಡೆ. ಒಂದು ವೃತ್ತದ ಹೊರಗೆ ಕಾಲಿಟ್ಟರೆ ಇನ್ನೊಂದು ವೃತ್ತ.

ಕಾಯಿದೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಮೊದಲನೆಯ ಪುಲಕೇಶಿಯು ಈ ಗುಡ್ಡವನ್ನು ದುರ್ಗವನ್ನಾಗಿ ಮಾಡಿದನೆಂದು ಹೇಳುವ ಬಂಡೆಗಲ್ಲಿನ ಶಾಸನವಿದೆ. 578ರಲ್ಲಿ ಮಂಗಲೇಶನು ಮಾಡಿಸಿದ ಮೂರನೆಯ ಗುಹೆಯಿದೆ. ಕನ್ನಡದ ತ್ರಿಪದಿಯ ಬಹು ಹಳೆಯ ಮಾದರಿಯನ್ನುಳ್ಳ ಕಪ್ಪೆ ಅರಭಟ್ಟನ ಶಾಸನವಿದೆ. ಇವು ಇಂದು ನಮ್ಮ ಕಣ್ಣಿಗೆ ಕಾಣುತ್ತಿದ್ದರೆ ಅದಕ್ಕೆ ರಕ್ಷಣೆಯೇ ಕಾರಣ. ಆದರೆ ಹಿರಿಯರು ನನ್ನನ್ನು ತಮ್ಮ ಮನೆಯೊಳಗೆ ಕರೆದೊಯ್ದು ಬಿರುಕು ಬಿಟ್ಟ ಗೋಡೆಯನ್ನು ತೋರಿಸಿ, “ಕಲ್ಲಿಗೆ ಸಾವಿರದ ಐನೂರು ವರ್ಷ ಆಗೈತಿ ಅಂತ ಕಾಯ್ತಾರ. ನಮ್ಮ ಮನಿತನಕ್ಕ ಎಷ್ಟು ವರ್ಷ ಆಗೈತಿ ಅಂತ ಯಾರೂ ಕೇಳಂಗಿಲ್ರಿ” ಎಂದಾಗ ಅದೂ ನ್ಯಾಯವೆನಿಸಿತು.

2015ರಲ್ಲಿ ಕೇಂದ್ರ ಸರಕಾರವು ದೇಶದ 12 ಪಾರಂಪರಿಕ ನಗರಗಳಿಗಾಗಿ ‘ಹೃದಯ್’ ಎಂಬ ಯೋಜನೆಯನ್ನು ಆರಂಭಿಸಿತು. ವಾರಾಣಸಿ, ಅಮೃತಸರ, ಕಾಂಚೀಪುರಗಳ ಜೊತೆಗೆ ಬಾದಾಮಿಯೂ ಅದರಲ್ಲಿತ್ತು. 2019ರ ಮಾರ್ಚಿನಲ್ಲಿ ಯೋಜನೆಯ ಅವಧಿ ಮುಗಿಯಿತು. ಆ ಪಟ್ಟಿಯಲ್ಲಿದ್ದ ದೊಡ್ಡ ನಗರಗಳ ಮುಂದೆ, 2011ರ ಜನಗಣತಿಯಂತೆ ಸುಮಾರು 31 ಸಾವಿರ ಜನರಿದ್ದ ಬಾದಾಮಿ ಕೂಸಿನಂತಿತ್ತು. ಸರಕಾರದ ಭಾಷೆಯಲ್ಲಿ ಬಾದಾಮಿಯ ಸಂಕಟವೆಂದರೆ ‘ಪರಂಪರೆಯ ರಕ್ಷಣೆ’. ಯಾತ್ರಿಕನ ಭಾಷೆಯಲ್ಲಿ ‘ಸೌಕರ್ಯದ ಕೊರತೆ’ ಮತ್ತು ಕೋತಿಗಳ ಕಾಟ. ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ತಾಯಂದಿರ ಭಾಷೆಯಲ್ಲಿ ಅದು ಹೊಂಡದ ನೀರಿನ ಮಾತು. ಯಾತ್ರಿಕರು ಅವರ ಚಿತ್ರ ತೆಗೆದುಕೊಳ್ಳುತ್ತಾರೆ. ಮಾತು ಕೇಳಿಸಿಕೊಳ್ಳುವುದಿಲ್ಲ.

ಈ ಊರಿಗೆ ಇದು ಹೊಸದೂ ಅಲ್ಲ. ಕ್ರಿ.ಶ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮನು ವಾತಾಪಿಯನ್ನು ಗೆದ್ದು ‘ವಾತಾಪಿಕೊಂಡ’ನೆಂಬ ಬಿರುದನ್ನು ಧರಿಸಿದನು. ಅವನ ಶಾಸನವನ್ನು ಇಲ್ಲಿಯ ಬಂಡೆಯ ಮೇಲೆಯೇ ಕೆತ್ತಲಾಯಿತು. ಚಾಲುಕ್ಯ ವಿಕ್ರಮಾದಿತ್ಯನು ರಾಜಧಾನಿಯನ್ನು ಮರಳಿ ಪಡೆಯುವವರೆಗೆ ಹನ್ನೆರಡು ಹದಿಮೂರು ವರ್ಷಗಳ ಕಾಲ ಈ ಓಣಿಗಳ ಜನರು ಹೇಗೆ ಬದುಕಿದರೆಂಬುದಕ್ಕೆ ಅವರ ಬಾಯಿಂದ ಬಂದ ಒಂದು ಮಾತೂ ಉಳಿದಿಲ್ಲ. ಉಳಿದುದು ಗೆದ್ದವನ ಬಿರುದು. ಊರಿನ ಸಂಕಟವನ್ನು ಊರಿನವರು ಹೇಳದಿದ್ದರೆ ಹೊರಗಿನವರು ತಮ್ಮ ಮಾತಿನಲ್ಲಿ ಹೇಳಿಬಿಡುತ್ತಾರೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮ್ಮ ಸೀಮೆಯಲ್ಲಿ ಬೇಕಿಲ್ಲ.

ಮರುದಿನ ಶಿವಯೋಗಮಂದಿರಕ್ಕೆ ಹೋಗಿ, 1909ರಲ್ಲಿ ಅದನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳ ಗದ್ದುಗೆಗೆ ನಮಸ್ಕರಿಸಿದೆನು. ವಟುವಾಗಿದ್ದಾಗ ವಿಭೂತಿ ಮಾಡುವ ಕೆಲಸದಲ್ಲಿ ನಮ್ಮ ಕೈಗಳು ಸದಾ ಬೆಳ್ಳಗಿರುತ್ತಿದ್ದವು. ಮಲಪ್ರಭೆ ಆಗ ಮಳೆಗಾಲದಲ್ಲಿ ಏರಿದರೆ “ಹೊಳಿ ಬಂತು” ಎನ್ನುತ್ತಿದ್ದೆವು, ನೆಂಟರು ಬಂದಂತೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು 2019ರ ಆಗಸ್ಟಿನಲ್ಲಿ ಬಂದ ನೆರೆಯು ದಂಡೆಯ ಹಳ್ಳಿಗಳನ್ನು ಹೊಕ್ಕಿತು, ಪಟ್ಟದಕಲ್ಲಿನ ಗುಡಿಗಳನ್ನೂ ಸುತ್ತುವರಿಯಿತು. ದಂಡೆಯ ಹಿರಿಯರು ಈಗಲೂ “ಹೊಳಿ ಬಂತು” ಎಂದೇ ಹೇಳುತ್ತಾರೆ. ಆದರೆ ಈ ಮಾತಿನಲ್ಲಿ ಎಲ್ಲ ಕರ್ತೃತ್ವವೂ ನದಿಯ ತಲೆಯ ಮೇಲೆ ಬೀಳುತ್ತದೆ. ಒತ್ತುವರಿಯಿಂದ ಪಾತ್ರವನ್ನು ಕಿರಿದುಮಾಡಿದ ನಾವು ವಾಕ್ಯದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹುನಗುಂದ

ಬಾದಾಮಿಯಿಂದ ಖಣಕ್ಕೆ ಹೆಸರಾದ ಗುಳೇದಗುಡ್ಡ, ಕರದಂಟಿಗೆ ಹೆಸರಾದ ಅಮೀನಗಡಗಳನ್ನು ಹಾಯ್ದು ಹುನಗುಂದಕ್ಕೆ ಬಂದೆನು. ಇಲ್ಲಿ ನನ್ನ ಪ್ರಶ್ನೆಗೆ ಮೂರು ಕಡೆ ಒಂದೇ ಉತ್ತರ ಬಂದಿತು: “ಏನೂ ಇಲ್ರಿ.” ಸಂಕಟವಿಲ್ಲದ ಊರು ಲೋಕದಲ್ಲಿ ಉಂಟೆ? ನಾನು ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಅರ್ಧ ದಿನ ಕುಳಿತೆನು. ಕೇಳುವುದನ್ನು ನಿಲ್ಲಿಸಿದ ಮೇಲೆ ಮಾತು ತಾನಾಗಿ ಬರತೊಡಗಿತು.

ಬಂದವರೊಡನೆ ಅಂಗಡಿಯವರು ಆಡುತ್ತಿದ್ದ ಮಾತಿನಲ್ಲಿ ಒಂದು ಪದ ಮತ್ತೆ ಮತ್ತೆ ಕೇಳಿಸಿತು: “ಹೋಗ್ಯಾರ.” ಮಗ ಎಲ್ಲಿ? ಮಂಗಳೂರಿಗೆ ದುಡಿಯಾಕ ಹೋಗ್ಯಾನ. ಅಳಿಯ? ಗೋವಾಕ್ಕ ಹೋಗ್ಯಾನ. ಪುಸ್ತಕಗಳಲ್ಲಿಯೂ ವರದಿಗಳಲ್ಲಿಯೂ ಇದಕ್ಕೆ ‘ಗುಳೆ’ ಎಂಬ ಹೆಸರಿದೆ. ಆದರೆ ಸ್ವಾಭಿಮಾನಿಯಾದ ಒಕ್ಕಲಿಗನು ತನ್ನ ಮನೆಯ ಬಗ್ಗೆ ಆ ಮಾತನ್ನಾಡನು. ಗುಳೆ ಹೋಗುವವರು ಬೇರೆಯವರು, ನಮ್ಮವರು ದುಡಿಯಲು ಹೋಗಿದ್ದಾರೆ. ಇಲ್ಲಿ ಕರ್ತೃ ಸ್ಪಷ್ಟವಾಗಿದ್ದಾನೆ, ಕಾರಣ ಮಾತ್ರ ಮರೆಯಾಗಿದೆ. ಯಾಕೆ ಹೋದರೆಂಬುದನ್ನು ಹೇಳದಿದ್ದರೆ ಮನೆತನದ ಮಾನ ಉಳಿಯುತ್ತದೆ. ಹೇಳದಿದ್ದರೆ ಕೇಳುವವರೂ ಇರುವುದಿಲ್ಲ.

ಪಟ್ಟಣಕ್ಕೆ ಇನ್ನೊಂದು ಮೌನವೂ ಇದೆ. 2011ರ ಗಣತಿಯಲ್ಲಿ ಹುನಗುಂದದ ಜನಸಂಖ್ಯೆ ಸುಮಾರು 20 ಸಾವಿರ, ಅದೇ ತಾಲ್ಲೂಕಿನ ಇಳಕಲ್ಲಿನದು ಸುಮಾರು 60 ಸಾವಿರ. ಕಚೇರಿ ಸಣ್ಣ ಊರಿನಲ್ಲಿ, ಪೇಟೆ ದೊಡ್ಡ ಊರಿನಲ್ಲಿ. 2017ರ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಇಳಕಲ್ಲೂ ಒಂದು. ಇಳಕಲ್ಲಿನವರಿಗೆ ಅದು ಬಹುದಿನದ ಬೇಡಿಕೆಯ ಈಡೇರಿಕೆ. ಹುನಗುಂದದಲ್ಲಿ ಒಬ್ಬರು ಹೇಳಿದುದು ಇಷ್ಟೆ: “ಅಣ್ಣತಮ್ಮಂದಿರು ಬ್ಯಾರೆ ಆದಂಗ ಆತ್ರಿ.” ಪಾಲಾದ ಮನೆಯಲ್ಲಿ ಹಿರಿಯಣ್ಣನು ಎಷ್ಟು ಮಾತಾಡುವನೋ ಹುನಗುಂದವೂ ಅಷ್ಟೇ ಮಾತಾಡುತ್ತದೆ.

ಆದರೆ ಮಾತಿಲ್ಲದ ಈ ಊರಿನ ಸುತ್ತಲಿನ ಕರಿನೆಲದಲ್ಲಿ ಒಂದು ಒಳ್ಳೆಯ ವ್ಯವಸ್ಥೆಯಿದೆ. ಹುನಗುಂದದ ಒಣಬೇಸಾಯ ನಾಡಿನಲ್ಲಿ ಹೆಸರಾದುದು. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿ, ಮಣ್ಣು ನಿಲ್ಲಿಸಿ, ಹೆಚ್ಚಾದ ನೀರು ಕೊರಕಲು ಮಾಡದೆ ಕೆಳಗಿನ ಹೊಲಕ್ಕೆ ಇಳಿಯುವಂತೆ ಕಲ್ಲಿನ ಕೋಡಿ ಕಟ್ಟುತ್ತಾರೆ. ಮೇಲಿನ ಹೊಲದವನು ತನ್ನ ಒಡ್ಡನ್ನು ಅಲಕ್ಷಿಸಿದರೆ ಕೆಳಗಿನವನ ಮಣ್ಣು ಕೊಚ್ಚಿಹೋಗುವುದು. ಆದ್ದರಿಂದ ಇಲ್ಲಿಯ ರೈತರು ಒಡ್ಡಿನ ಮಾತು ಬಂದಾಗ ಮಾಡುವವರು ಯಾರೆಂಬುದನ್ನು ಮರೆಯುವುದಿಲ್ಲ. ಈ ಎಚ್ಚರವು ಹೊಲದಿಂದ ಪಟ್ಟಣದ ಮಾತಿಗೆ ಬರಬೇಕು.

ಒಂದು ಸಂಜೆ ಇದೇ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋದೆನು. ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನಿಂತಿದೆ. ಬಸವಣ್ಣನವರ ಐಕ್ಯಸ್ಥಳದ ಸುತ್ತ ವರ್ತುಲವಾಗಿ ಗೋಡೆ ಎಬ್ಬಿಸಿದ್ದಾರೆ. ನೀರಿನ ನಡುವೆ ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಇದು ಮುಳುಗಬಾರದೆಂದು ಎಲ್ಲರೂ ಒಮ್ಮನಸ್ಸಿನಿಂದ ಹೇಳಿದ್ದರಿಂದ ಗೋಡೆ ಬಂದಿತು. ಕೆಳಗೆ ನಿಂತಾಗ ಹೂವಿನ ತಾಯಿಯ ಕಟ್ಟೆ ನೆನಪಾಯಿತು. ಎಲ್ಲದಕ್ಕೂ ಗೋಡೆ ಕಟ್ಟಲಾಗದು, ನಿಜ. ಯಾವುದು ಹೋಗುತ್ತದೆಂಬುದನ್ನು ಹೆಸರು ಹಿಡಿದು ಹೇಳುವುದಾದರೂ ಸಾಧ್ಯವಿತ್ತು.

ಇಳಕಲ್ಲು

ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಇಲ್ಲಿ ಉತ್ತರಕ್ಕಾಗಿ ಕಾಯಬೇಕಾಗಲಿಲ್ಲ. “ಮಗ್ಗ ನಿಂತಾವು” ಎಂದರು ಮೊದಲನೆಯವರೇ.

ಇಳಕಲ್ಲ ಸೀರೆಯ ಬಗ್ಗೆ ನಮ್ಮ ತಾಯಂದಿರಿಗೆ ನಾನು ಹೇಳಬೇಕಾದುದೇನೂ ಇಲ್ಲ. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದೇ ಈ ನೇಯ್ಗೆಯ ವಿಶೇಷ. ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. 1985ರಲ್ಲಿ ಕೆಲವು ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ ಬಂದಿತು. 1996ರಲ್ಲಿ ಮೀಸಲು ವಸ್ತ್ರಗಳ ಪಟ್ಟಿಯನ್ನು 22ರಿಂದ 11ಕ್ಕೆ ಇಳಿಸಲಾಯಿತು. ವಿದ್ಯುತ್ ಮಗ್ಗದ ಸೀರೆ ಅಗ್ಗವಾಗಿ ಪೇಟೆ ತುಂಬಿದಂತೆ ಕುಣಿಮಗ್ಗಗಳು ಒಂದೊಂದಾಗಿ ಸುಮ್ಮನಾದವು. ನೇಕಾರರ ಮಕ್ಕಳು ಕೆಂಪು ಗ್ರಾನೈಟಿನ ಕೆಲಸಕ್ಕೆ, ಅಂಗಡಿಗೆ, ದೂರದ ಊರಿಗೆ ಹೋದರು.

“ಮಗ್ಗ ನಿಂತಾವು” ಎಂಬುದರಲ್ಲಿ ಕರ್ತೃ ಮಗ್ಗವೇ. ನಿಲ್ಲಿಸಿದವರು ಯಾರು? ಕೂಲಿ ಕಡಿಮೆ ಕೊಟ್ಟವರೇ, ಅಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರಿದವರೇ, ಹಾಗೆಂದು ಕೊಂಡುಟ್ಟ ನಮ್ಮ ಮನೆಯವರೇ? ಒಂದು ಮನೆಯಲ್ಲಿ ಗಂಡ ನೇಯುತ್ತಿದ್ದನು. ಹೆಂಡತಿ ಕಂಡಿಕೆ ಸುತ್ತುತ್ತಿದ್ದಳು. “ಮನೆಯಲ್ಲಿ ನೇಕಾರರು ಎಷ್ಟು ಜನ?” ಎಂದು ಕೇಳಿದೆನು. “ಒಬ್ಬನ ರೀ, ನಾನ” ಎಂದನು ಅವನು. ಹೆಂಡತಿ ತಲೆಯೆತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. ಸಂಕಟದ ಮಾತಿನಿಂದ ಒಬ್ಬರು ಹೊರಗುಳಿಯುವುದಕ್ಕೆ ಕಚೇರಿಯೇ ಬೇಕೆಂದಿಲ್ಲ, ಮನೆಯೂ ಸಾಕು.

ಈ ಊರಿನಲ್ಲಿಯೇ ನನ್ನ ಬಾಕಿಗೆ ಉತ್ತರವೂ ದೊರೆಯಿತು. ಇಳಕಲ್ಲ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟ ಸಂಗತಿ ಓದುಗರಿಗೆ ತಿಳಿದುದೇ. ದುಡಿದ ಕೂಲಿ ಸೆರೆಯ ಅಂಗಡಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಕೇರಿ ಕೇರಿಗೆ ಹೋಗಿ ಕಾಳುಕಡಿಯನ್ನು ಕೇಳದೆ, ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ನೀಡಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ.

ಮಠದ ಅಂಗಳದಲ್ಲಿ ಕುಳಿತು ಆ ಮಾತನ್ನು ಗುರುಗಳು ಕಲಿಸಿದಂತೆ ಬಿಡಿಸಿ ನೋಡಿದೆನು. ‘ಕುಡಿತದ ಸಮಸ್ಯೆ’ ಎಂದಿದ್ದರೆ ಕರ್ತೃ ಇರುತ್ತಿರಲಿಲ್ಲ. ‘ಕುಡುಕರು ಊರು ಕೆಡಿಸಿದರು’ ಎಂದಿದ್ದರೆ ಕರ್ತೃ ಅಪರಾಧಿಯಾಗುತ್ತಿದ್ದನು. ಸ್ವಾಮಿಗಳು ಬಡವನ ಎದುರು ಜೋಳಿಗೆ ಚಾಚಿ, ಅವನನ್ನು ದಾನಿಯನ್ನಾಗಿ ಮಾಡಿ ಕೇಳಿದರು. ಅವನು ಕೊಡಬಹುದಿತ್ತು, ಕೊಡಲಾರೆನೆನ್ನಲೂಬಹುದಿತ್ತು. ಕೊಟ್ಟುದೂ ಅವನನ್ನು ಸುಡುತ್ತಿದ್ದ ವಸ್ತು.

ನಾನೂ ಒಂದು ದಿನ ಜನರ ಎದುರು ನಿಂತು ಕೊಡುವ ಮಾತನ್ನೇ ಆಡಿದ್ದೆನು. ಆದರೆ ಅವರಿಗೆ ಪ್ರಿಯವಾದುದನ್ನು, ಅವರನ್ನು ಒಬ್ಬೊಬ್ಬರನ್ನಾಗಿ ಕೇಳದೆ, ಅದಾಗಲೇ ಹೋಗಲಿದ್ದುದನ್ನು ‘ಕೊಟ್ಟಿರಿ’ ಎಂದು ವೇದಿಕೆಯ ಮೇಲಿನಿಂದ ಹೇಳಿದ್ದೆನು. ಎರಡೂ ತ್ಯಾಗದ ಮಾತುಗಳೇ. ಒಂದರಲ್ಲಿ ಕೇಳಿಕೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಮರಳಿ ಬಾಗಲಕೋಟೆಗೆ

ಹಿಂದಿರುಗುವಾಗ ನವನಗರದಲ್ಲಿಳಿದು ಆ ತಾಯಿಯ ಬಳಿಗೆ ಹೋದೆನು. “ಆವತ್ತು ನಾನು ಆಡಿದ ಮಾತು ತಪ್ಪು, ತಾಯಿ. ನಿಮ್ಮನ್ನು ಕೇಳಬೇಕಾಗಿತ್ತು” ಎಂದೆನು. ಅವರು ನಕ್ಕು, “ಈಗ ಕೇಳ್ರಿ ಹಂಗಾರ” ಎಂದರು. ಕೇಳಿದೆನು. ಅವರು ಹೇಳಿದ ಮಾತಿನಲ್ಲಿ ಮೀಟರೂ ಇರಲಿಲ್ಲ, ಪರಿಹಾರದ ಹಣವೂ ಇರಲಿಲ್ಲ. ಹಳೆಯ ಕಟ್ಟೆಯ ಹತ್ತಿರದ ಯಾವ ಯಾವ ಮನೆಗೆ ಯಾವ ವಾರ ಯಾವ ಹೂವು ಹೋಗುತ್ತಿತ್ತೆಂಬುದನ್ನು ಮನೆಯ ಹೆಸರು ಹಿಡಿದು ಹೇಳಿದರು. ಸೋಮವಾರದ ಬಿಲ್ವಪತ್ರಿಯಿಂದ ಶುಕ್ರವಾರದ ಮಲ್ಲಿಗೆಯವರೆಗೆ ನಲವತ್ತಕ್ಕೂ ಹೆಚ್ಚು ಮನೆಗಳು. ನಾನು ಎಲ್ಲವನ್ನೂ ಬರೆದುಕೊಂಡೆನು. ಆ ಊರು ಕಳೆದುಕೊಂಡುದರ ಒಂದು ಪುಟ ನನ್ನ ವಹಿಯಲ್ಲಿ ಈಗ ಇದೆ.

ಓದುಗ ಬಂಧುಗಳೇ, ಊರಿನ ಸಂಕಟವನ್ನು ಪರಿಹರಿಸುವ ಶಕ್ತಿ ನನ್ನಂಥವನಲ್ಲಿ ಇಲ್ಲ. ಅಣೆಕಟ್ಟಿನ ಎತ್ತರವನ್ನಾಗಲಿ, ಸ್ಮಾರಕದ ಎಲ್ಲೆಯನ್ನಾಗಲಿ ನಿರ್ಧರಿಸುವವರು ಬೇರೆ. ಆದರೆ ಸಂಕಟವನ್ನು ಹೇಳುವ ಮಾತು ನಮ್ಮೆಲ್ಲರ ಮನೆಯ ಸೊತ್ತು. ನಿಮ್ಮ ಮನೆಯ ಹಿರಿಯರನ್ನು, ಬಾಗಿಲಿಗೆ ಬರುವ ಕಾಯಿಪಲ್ಯದವರನ್ನು, ಹೂವಿನವರನ್ನು “ನಮ್ಮ ಊರಿನ ಸಂಕಟ ಯಾವುದು?” ಎಂದು ಒಮ್ಮೆ ಕೇಳಿರಿ. ಬಂದ ಮಾತನ್ನು ತಿದ್ದದೆ ಬರೆದಿಡಿರಿ. ಆ ಮಾತಿನಲ್ಲಿ ಮಾಡಿದವರು ಯಾರು, ಹೊರಗುಳಿದವರು ಯಾರು ಎಂಬುದನ್ನು ಮಕ್ಕಳೊಡನೆ ಕುಳಿತು ವಿಚಾರಿಸಿರಿ. ಆಲಮಟ್ಟಿಯ ನೀರು ಇನ್ನೂ ಏರುವ ಮಾತಿದೆ. ಈ ಸಲ ಸಭೆಗೆ ಕರೆದರೆ ನಾನು ಮೊದಲು ಕೇಳುತ್ತೇನೆ, ಆಮೇಲೆ ಮಾತಾಡುತ್ತೇನೆ.

ಊರಿಗೆ ಹೊರಟಾಗ ಅಕ್ಕ ಬುತ್ತಿ ಕಟ್ಟಿ ಕೊಡುತ್ತ, “ಬರೂ ಹೋಳಿಗೆ ಬಾ ತಮ್ಮಾ, ಆವಾಗ ಎಲ್ಲಾರೂ ಇಲ್ಲೇ ಇರ್ತಾರ” ಎಂದಳು. ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆನು.